ಮುಖ ಕಾಣುವ ಮೆಟ್ಟಿಲು

ಯಾರ ಮನೆಗೆ ಹೋದರೂ ನನಗೊಂದು ಚಾಳಿ. ಮನೆಯವರು "ಬನ್ನಿ, ಮೇಲೆ ಕೂತು ಮಾತಾಡೋಣ" ಎಂದರೆ ಸಾಕು, ನಾನು ಮೊದಲ ಮೆಟ್ಟಿಲಿನ ಎದುರು ನಿಂತು ಬಲಗಾಲಿನ ಹೆಬ್ಬೆರಳಿನಿಂದ ಅದನ್ನು ಒಮ್ಮೆ ತಿಕ್ಕಿ ನೋಡುತ್ತೇನೆ. ಅಂಗಡಿಯಲ್ಲಿ ಹೆಂಗಸರು ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ನೋಡುತ್ತಾರಲ್ಲ, ಹಾಗೆ. ತರಿತರಿಯಾಗಿದ್ದರೆ ಸಮಾಧಾನ. ನುಣ್ಣಗಿದ್ದರೆ "ಇಲ್ಲೇ ಕೆಳಗೇ ಗಾಳಿ ಚೆನ್ನಾಗಿದೆ" ಎಂದು ಅಲ್ಲೇ ಕುರ್ಚಿ ಹುಡುಕುತ್ತೇನೆ. ಮೊನ್ನೆ ಯಲ್ಲಾಪುರದಲ್ಲಿ ನೆಂಟರೊಬ್ಬರ ಹೊಸ ಮನೆಗೆ ಹೋದಾಗ ನಾನು ಹೀಗೆ ತಿಕ್ಕುತ್ತ ನಿಂತದ್ದನ್ನು ನೋಡಿ ಆ ಮನೆಯ ಸೊಸೆ, "ಅಜ್ಜೀ, ಸಗಣಿ ಮೆಟ್ಟಿದ್ರಾ?" ಎಂದು ನೀರಿನ ತಂಬಿಗೆಯನ್ನೇ ತಂದುಬಿಟ್ಟಳು. ಸುಮ್ಮನೆ ಕಾಲು ತೊಳೆದುಕೊಂಡೆ. ಒದ್ದೆ ಕಾಲಿನಲ್ಲಿ ಮೆಟ್ಟಿಲು ಹತ್ತುವುದು ಇನ್ನೂ ಅಪಾಯ ಎಂದು ಆಕೆಗೆ ಹೇಳಬೇಕಾದರೆ ದಾಸನಕೊಪ್ಪದ ಸಂಗತಿಯನ್ನೆಲ್ಲ ಹೇಳಬೇಕಿತ್ತು. ಅವಳಿಗೆ ಪುರುಸೊತ್ತಿರಲಿಲ್ಲ. ನಿಮಗಿದ್ದರೆ ಕೇಳಿ.

ನಾನು ಮದುವೆಯಾಗಿ ದಾಸನಕೊಪ್ಪಕ್ಕೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ತವರು ಸಿರಸಿ ಪೇಟೆ. ತವರಿನಲ್ಲಿ ಅಟ್ಟಕ್ಕೆ ಹತ್ತಲು ಇದ್ದದ್ದು ಒಂದು ಬಿದಿರ ಏಣಿ; ಅದು ಅಲುಗಾಡುತ್ತಿತ್ತೇ ಹೊರತು ಜಾರುತ್ತಿರಲಿಲ್ಲ. ನಾನು ಮುಲ್ಕಿ ಪರೀಕ್ಷೆ ಪಾಸಾದವಳು. ಏಳನೆಯ ಇಯತ್ತೆಯ ಆ ಪರೀಕ್ಷೆಯನ್ನು ಪಾಸು ಮಾಡಿದ ಹುಡುಗಿಯರು ಆಗ ಕಡಿಮೆ. ಹಾಗಾಗಿ ಲೋಕದಲ್ಲಿ ನನಗೆ ತಿಳಿಯದ್ದು ಹೆಚ್ಚೇನೂ ಉಳಿದಿಲ್ಲ ಎಂಬ ಭಾವನೆ ನನಗಿತ್ತು. ಆ ಭಾವನೆ ಹೋದದ್ದು ಮದುವೆಯಾದ ಮೂರನೆಯ ದಿನ, ಮೇಲಿನಿಂದ ಐದನೆಯ ಮೆಟ್ಟಿಲಿನಲ್ಲಿ.

ಮಾವನದು ಬನವಾಸಿ ರಸ್ತೆಗೆ ತಾಗಿಕೊಂಡೇ ಇದ್ದ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ನಾನು ಬರುವ ಮೂರು ವರ್ಷ ಮೊದಲು ಮನೆಯ ಮೇಲೆ ಮಾಳಿಗೆ ಎಬ್ಬಿಸಿ, ಅದಕ್ಕೆ ಹದಿಮೂರು ಮೆಟ್ಟಿಲು ಕಟ್ಟಿಸಿದ್ದರು. ಊರಿನಲ್ಲಿ ಸಿಮೆಂಟಿನ ಮೆಟ್ಟಿಲು ಅದೇ ಮೊದಲಂತೆ. ಸಿಮೆಂಟಿಗೆ ಕೆಂಪು ಬಣ್ಣ ಕಲಸಿ, ಕರಣೆಯಿಂದ ತೀಡಿ ತೀಡಿ, ನುಣುಪು ಕಲ್ಲಿನಿಂದ ದಿನಗಟ್ಟಲೆ ಉಜ್ಜಿ ಮಾಡಿದ ಕೆಲಸ. ಪಕ್ಕಕ್ಕೆ ಹಿಡಿದುಕೊಳ್ಳಲು ಕಟಾಂಜನವೂ ಇರಲಿಲ್ಲ; ಹಾಕಿದರೆ ಮೆಟ್ಟಿಲು ಮರೆಯಾಗುತ್ತದೆ ಎಂದು ಮಾವ ಬೇಡವೆಂದಿದ್ದರು. ಅಕ್ಕಪಕ್ಕದ ಹಳ್ಳಿಗಳಿಂದ ಬೆಲ್ಲ, ಮೆಣಸಿನಕಾಯಿ ಕೊಳ್ಳಲು ಬಂದವರನ್ನು ಮಾವ ಗಾದಿಯಿಂದೆದ್ದು ಒಳಗೆ ಕರೆದುಕೊಂಡು ಬರುತ್ತಿದ್ದರು. ಕೆಳಗಿನಿಂದ ಮೂರನೆಯ ಮೆಟ್ಟಿಲಿನ ಮೇಲೆ ಬಗ್ಗಿ, "ನೋಡ್ರಿ, ಮೀಸಿ ಎಣಸಬಹುದು" ಎನ್ನುತ್ತಿದ್ದರು. ಬಂದವರೂ ಬಗ್ಗಿ ತಮ್ಮ ಮೀಸೆ ನೋಡಿಕೊಂಡು, ತಲೆದೂಗಿ, ಬೆಲ್ಲ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ನಾನು ಹಿತ್ತಾಳೆಯ ತಂಬಿಗೆ ಹಿಡಿದು ಮಾಳಿಗೆಯಿಂದ ಇಳಿಯುತ್ತಿದ್ದೆ. ಕಾಲುಂಗುರ ಹೊಸದು, ಸೀರೆ ಹೊಸದು, ಊರು ಹೊಸದು. ಏನಾಯಿತೆಂದು ತಿಳಿಯುವಷ್ಟರಲ್ಲಿ ನಾನು ಕೆಳಗಿದ್ದೆ. ತಂಬಿಗೆ ನನಗಿಂತ ಮುಂಚೆ ಮುಟ್ಟಿತ್ತು. ಅಂಗಡಿಯಿಂದ ಮಾವನ ದನಿ ಕೇಳಿಸಿತು.

"ಏನ ಬಿತ್ತು?"

"ಸೊಸಿ ಬಿದ್ಲು" ಎಂದರು ಅತ್ತೆ, ಅಡುಗೆಮನೆಯಿಂದ ಓಡಿ ಬರುತ್ತ.

"ಕೈಯಾಗ ತಂಬಿಗಿ ಇತ್ತೇನು? ಮೆಟ್ಟಲಕ್ಕ ಪೆಟ್ಟು ಬಿದ್ದೈತೇನು ನೋಡು."

ಅತ್ತೆ ಮೆಟ್ಟಿಲಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಕೂರಿಸಿ, ಪಾದಕ್ಕೆ ಬಿಸಿ ಎಣ್ಣೆ ಹಚ್ಚಿ ತೀಡಿದರು. ಅತ್ತೆ ಎತ್ತರದ ಆಳು, ಮಾತು ಕಡಿಮೆ. ಓಣಿಯ ಹೆಂಗಸರು ಅವರೆದುರು ದನಿ ಇಳಿಸಿ ಮಾತಾಡುತ್ತಿದ್ದರು. ಅವರ ಎಡಗೈಯ ಮಣಿಕಟ್ಟು ಸ್ವಲ್ಪ ಸೊಟ್ಟವಾಗಿತ್ತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದೆಂದು ನಮ್ಮವರು ನನಗೆ ಹೇಳಿದ್ದರು.

ಕಾಲು ನೆಟ್ಟಗಾದ ಮೇಲೆ ನನಗೊಂದು ಕೆಲಸ ಹಚ್ಚಿದರು. ಪ್ರತಿ ಸೋಮವಾರ ಮೆಟ್ಟಿಲುಗಳನ್ನು ಒರೆಸಿ, ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಉಜ್ಜಬೇಕು. ನನ್ನನ್ನು ಬೀಳಿಸಿದ್ದನ್ನು ನಾನೇ ಇನ್ನಷ್ಟು ನುಣ್ಣಗೆ ಮಾಡಬೇಕು. ಮಂಡಿಯೂರಿ ಉಜ್ಜುತ್ತ ಉಜ್ಜುತ್ತ ನನಗೆ ಬೇರೆಯೇ ಒಂದು ಹುಚ್ಚು ಹತ್ತಿತು. ಯಾರು ಬೀಳುತ್ತಾರೆ, ಯಾರು ಬೀಳುವುದಿಲ್ಲ, ಏಕೆ? ಆ ಮನೆಯಲ್ಲಿ ಓದಲು ಪಂಚಾಂಗ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಕಾಲುಗಳನ್ನು ಓದತೊಡಗಿದೆ.

ಹತ್ತುವಾಗ ಯಾರೂ ಬೀಳುವುದಿಲ್ಲ ಎಂಬುದು ಮೊದಲು ತಿಳಿಯಿತು. ಬೀಳುವವರೆಲ್ಲ ಇಳಿಯುವಾಗಲೇ ಬೀಳುತ್ತಿದ್ದರು, ಅದೂ ಹಿಮ್ಮಡಿ ಮೆಟ್ಟಿಲಿನ ಅಂಚಿಗೆ ಬಂದಾಗ. ಹೊಲದಿಂದ ಬಂದವರ ಒಡೆದ ಹಿಮ್ಮಡಿ ಜಾರುತ್ತಿರಲಿಲ್ಲ. ನನ್ನಂಥ ಪೇಟೆಯವರ ಮೆತ್ತನೆಯ ಹಿಮ್ಮಡಿ ಜಾರುತ್ತಿತ್ತು. ಆಮೇಲೆ ನಾನೂ ಹಿಮ್ಮಡಿ ಒಡೆಯಲೆಂದು ಕೆಲವು ದಿನ ಬರಿಗಾಲಿನಲ್ಲಿ ಹಿತ್ತಲು ಸುತ್ತಿದೆ. ಮುಳ್ಳು ಚುಚ್ಚಿತು, ಹಿಮ್ಮಡಿ ಒಡೆಯಲಿಲ್ಲ. ಬಿಸಿಲಿದ್ದಾಗ ಮುಂಬಾಗಿಲಿನಿಂದ ಬೆಳಕು ನೇರ ಬಂದು ಕೆಳಗಿನ ಐದು ಮೆಟ್ಟಿಲುಗಳ ಮೇಲೆ ಬೀಳುತ್ತಿತ್ತು. ಮೇಲಿನಿಂದ ನೋಡಿದರೆ ಐದೂ ಸೇರಿ ಒಂದೇ ಕೆಂಪು ಹಾಳೆಯಂತೆ ಕಾಣುತ್ತಿತ್ತು. ಅಂಚು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು, ಕಣ್ಣಿಗೆ ತಿಳಿಯುತ್ತಲೇ ಇರಲಿಲ್ಲ. ನಮ್ಮವರು ಮಾತ್ರ ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದರು, ಒಂದು ದಿನವೂ ಬೀಳಲಿಲ್ಲ. ಅದರ ಗುಟ್ಟು ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನೊಂದು ವಿಷಯವೂ ತಿಳಿದಿರಲಿಲ್ಲ. ಅತ್ತೆ ಮೆಟ್ಟಿಲು ಹತ್ತಿದ್ದನ್ನಾಗಲಿ ಇಳಿದದ್ದನ್ನಾಗಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಆದರೆ ಮಾಳಿಗೆಯಲ್ಲಿದ್ದ ಉಪ್ಪಿನಕಾಯಿ ಭರಣಿ ಬೇಕಾದಾಗ ಕೆಳಗೆ ಬಂದಿರುತ್ತಿತ್ತು. ಮಾಳಿಗೆಯ ಹಿಂಬದಿಯ ತೆರೆದ ಗಚ್ಚಿನ ಮೇಲೆ ಒಣಹಾಕಿದ ಹಪ್ಪಳ ಸಂಜೆ ಡಬ್ಬಿಯಲ್ಲಿರುತ್ತಿತ್ತು. "ಅತ್ತೀ, ನಾ ತರ್ತೀನ್ರಿ" ಎಂದರೆ, "ನೀ ಬಸುರಿ ಆದಾಗ ಕುಂಡ್ರಸ್ತೀನಂತ, ಈಗ ರೊಟ್ಟಿ ಬಡಿ, ಹೋಗು" ಎಂದು ಅಡುಗೆಮನೆಗೆ ಅಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಮಾವ ಅಂಗಡಿಯಲ್ಲಿದ್ದರು, ನಮ್ಮವರು ಸಿರಸಿಗೆ ಹೋಗಿದ್ದರು. ಅತ್ತೆ ನನ್ನನ್ನು ಪಕ್ಕದ ಮನೆಗೆ ಮಜ್ಜಿಗೆ ತರಲು ಕಳಿಸಿದರು. ಪಾತ್ರೆ ಮರೆತು ಅರ್ಧ ದಾರಿಯಿಂದ ತಿರುಗಿ ಬಂದೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ.

ಅತ್ತೆ ಮೆಟ್ಟಿಲಿನ ಮೇಲೆ ಕುಳಿತಿದ್ದರು. ಸೀರೆಯನ್ನು ಮಂಡಿಯ ಸುತ್ತ ಬಿಗಿಯಾಗಿ ಸುತ್ತಿಕೊಂಡು, ಹಪ್ಪಳದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯನ್ನು ಮೆಟ್ಟಿಲಿಗೆ ಊರಿ, ಕುಳಿತಲ್ಲಿಂದಲೇ ಕೆಳಗಿನ ಮೆಟ್ಟಿಲಿಗೆ ಜರುಗಿದರು. ಉಸಿರು ಬಿಟ್ಟರು. ಮತ್ತೊಂದಕ್ಕೆ ಜರುಗಿದರು. ಅಂಬೆಗಾಲಿಡುವ ಮಕ್ಕಳು ಹೊಸಿಲು ದಾಟುವ ಹಾಗೆ. ಓಣಿಯೆಲ್ಲ ಹೆದರುತ್ತಿದ್ದ ಹೆಂಗಸು!

ನನ್ನನ್ನು ಕಂಡಾಗ ಅವರು ಅರ್ಧದಲ್ಲಿದ್ದರು. ಏಳಲಿಲ್ಲ. ಏಳುವುದು ಸಾಧ್ಯವೂ ಇರಲಿಲ್ಲ.

"ಬಾಗಲಾ ಮುಂದ ಮಾಡು" ಎಂದರು. ಬಾಗಿಲು ಮುಚ್ಚಿ ಬಂದೆ. ಉಳಿದ ಆರು ಮೆಟ್ಟಿಲುಗಳನ್ನು ಅವರು ನನ್ನೆದುರೇ ಹಾಗೆಯೇ ಇಳಿದರು. ಕೆಳಗೆ ಬಂದು ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

"ಇದು ಬಾವ್ಯಾಗ ಮುರದಿದ್ದಲ್ಲ, ಶಾಂತಾ" ಎಂದು ಸೊಟ್ಟ ಮಣಿಕಟ್ಟು ತೋರಿಸಿದರು. "ಮನಿ ಒಕ್ಕಲಾಗಿ ಒಂದು ತಿಂಗಳಾಗಿರಲಿಲ್ಲ. ಅವರು ಊರ ಮಂದೀನೆಲ್ಲ ಕರದು ಮೆಟ್ಟಲಾ ತೋರಸ್ತಿದ್ರು. ಅವತ್ತ ಬಿದ್ದೆ. ಹೆಂಗ ಹೇಳ್ಲಿ? ಬಾವಿ ಹೆಸರ ಹೇಳಿದೆ."

"ಈಗರ ಹೇಳ್ರಲ್ಲಾ."

"ಮೂರು ವರ್ಷ ಹೇಳದಿದ್ದಕಿ ಈಗ ಹೇಳಿದ್ರ, ಮೂರು ವರ್ಷ ಸುಳ್ಳ ಹೇಳಿದ್ಲು ಅಂತಾರ. ನೀನೂ ಹೇಳಬ್ಯಾಡ."

ಹೇಳಲಿಲ್ಲ. ಆದರೆ ಸುಮ್ಮನೆ ಇರುವುದು ನನ್ನಿಂದ ಆಗಲಿಲ್ಲ. ಅತ್ತೆ ನೆಟ್ಟಗೆ ನಿಂತು ಇಳಿಯುವ ಹಾಗೆ ಮಾಡಲೇಬೇಕು, ಅದೂ ಮಾವನಿಗೆ ತಿಳಿಯದ ಹಾಗೆ, ಎಂದು ನಾನು ಮುಲ್ಕಿ ಪಾಸಾದ ತಲೆಯನ್ನು ಓಡಿಸತೊಡಗಿದೆ.

ಮೊದಲು ಎಣ್ಣೆ ನಿಲ್ಲಿಸಿದೆ. ಮಾವ ಮುಖ ನೋಡಿಕೊಳ್ಳುವ ಕೆಳಗಿನ ಮೂರು ಮೆಟ್ಟಿಲಿಗೆ ಮಾತ್ರ ಎಣ್ಣೆ. ಮೇಲಿನ ಹತ್ತಕ್ಕೆ ಸೀಗೆಪುಡಿ ಹಾಕಿ ತಿಕ್ಕಿ ಜಿಡ್ಡು ತೆಗೆದೆ. ಸ್ವಲ್ಪ ವಾಸಿಯಾಯಿತು. ಆದರೆ ಮಳೆಗಾಲದ ಥಂಡಿಗೆ ಮೆಟ್ಟಿಲು ಬೆವರಿದಾಗ ಮತ್ತೆ ಮೊದಲಿನ ಹಾಗೆಯೇ. ಆಮೇಲೆ ಒಲೆಯ ಬೂದಿ ಉದುರಿಸಿದೆ. ಜಾರುವುದು ನಿಂತಿತು ನಿಜ, ಆದರೆ ಬೂದಿಯ ಹೆಜ್ಜೆಗಳು ಮನೆಯೆಲ್ಲ ತಿರುಗಾಡಿ, ಅಂಗಡಿಯ ಬಿಳಿ ಗಾದಿಯ ಮೇಲೂ ಹತ್ತಿದವು. "ಮನ್ಯಾಗ ಯಾರ್ದರ ದೀಕ್ಷಾ ಆಗೇತೇನು?" ಎಂದರು ಮಾವ.

ಗೋಣಿಚೀಲದ ಪ್ರಯೋಗ ಅದಕ್ಕಿಂತ ಕೆಟ್ಟದಾಯಿತು. ಮೇಲಿನ ಮೆಟ್ಟಿಲುಗಳಿಗೆ ಒಂದೊಂದು ಗೋಣಿತಟ್ಟು ಹಾಸಿದ್ದೆ. ಗೋಣಿ ಒರಟಲ್ಲವೇ, ಕಾಲು ಹಿಡಿಯುತ್ತದೆ ಎಂದು ನನ್ನ ಲೆಕ್ಕ. ಗೋಣಿ ಕಾಲನ್ನೇನೋ ಹಿಡಿಯಿತು, ಮೆಟ್ಟಿಲನ್ನು ಹಿಡಿಯಲಿಲ್ಲ. ಅಂದು ಮಾಳಿಗೆ ನೋಡಲು ಹೋಗಿದ್ದ ಶಾಲೆಯ ಹೆಡ್ ಮಾಸ್ತರರು ಗೋಣಿಯ ಮೇಲೆ ಕುಳಿತುಕೊಂಡೇ ಕೆಳಗೆ ಬಂದರು. ಬಂದು, ಅಲ್ಲಿಯೇ ಕುಳಿತು, ಟೋಪಿ ಸರಿಮಾಡಿಕೊಂಡು, "ನೀರು ಕೊಡವ್ವಾ" ಎಂದರು. ನಾನು ನೀರು ತಂದುಕೊಟ್ಟು, ಗೋಣಿ ಎತ್ತಿಕೊಂಡು ಹಿತ್ತಲಿಗೆ ಓಡಿದೆ.

ಕೊನೆಗೆ ನಮ್ಮವರಿಗೆ ದುಂಬಾಲು ಬಿದ್ದೆ. ನಿಜವಾದ ಕಾರಣ ಹೇಳದೆ, "ನಂಗ ಅಂಜಿಕಿ" ಎಂದೆ. ಅವರು ಯಲ್ಲಾಪುರಕ್ಕೆ ಹೋದಾಗ ಅಲ್ಲಿಯ ಲಾರಿಯವರಿಂದ ಸವೆದ ಟೈರೊಂದನ್ನು ತಂದರು. ಇಬ್ಬರೂ ಕೂತು ಅದನ್ನು ಪಟ್ಟಿಪಟ್ಟಿಯಾಗಿ ಕೊಯ್ದು, ರಸ್ತೆ ಕೆಲಸದವರ ಹತ್ತಿರ ಒಂದಿಷ್ಟು ಡಾಂಬರು ಕೇಳಿ ತಂದು ಅಂಟಿಸಿದೆವು. ಟೈರು ಒಳ್ಳೆಯ ಉಪಾಯವೇ. ಬೇಸಗೆಯ ಬಿಸಿಗೆ ಡಾಂಬರು ಕರಗುತ್ತದೆ ಎಂಬುದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ನಾಲ್ಕನೆಯ ದಿನ ಮಾವನ ಧೋತರದ ಅಂಚು ಮೆಟ್ಟಿಲಿಗೆ ಅಂಟಿಕೊಂಡಿತು. ಅವರು ಯಾರನ್ನೂ ಬೈಯಲಿಲ್ಲ. ಅಂಗಡಿಯ ಬಾಗಿಲು ಎಳೆದು, ಸೀಮೆಎಣ್ಣೆ ಬಟ್ಟೆ ಹಿಡಿದು, ಅರವತ್ತು ದಾಟಿದ ಆ ಮನುಷ್ಯ ಸಂಜೆಯವರೆಗೆ ಒಬ್ಬರೇ ಕುಳಿತು ಕಪ್ಪು ಕಲೆ ತಿಕ್ಕಿದರು. ಅವರ ಮೇಲೆ ನನಗೆ ಸಿಟ್ಟಿತ್ತು, ಆದರೆ ಆ ಕೈಗಳ ಮೇಲೆ ಸಿಟ್ಟು ಮಾಡಲಾಗಲಿಲ್ಲ. ನನ್ನ ಪ್ರಯೋಗಗಳು ಅಲ್ಲಿಗೆ ನಿಂತವು.

ಮರುವರ್ಷ ನಾನು ಬಸುರಿಯಾದೆ. ನಾಲ್ಕನೆಯ ತಿಂಗಳಿನಿಂದಲೇ ಅತ್ತೆ ನನ್ನನ್ನು ಮಾಳಿಗೆಗೆ ಬಿಡಲಿಲ್ಲ. ಏಳನೆಯ ತಿಂಗಳಿಗೆ ಕುಬಸ ಗೊತ್ತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಸಂಭ್ರಮ ಅದು. ಎಲ್ಲಿ ಮಾಡುವುದೆಂಬ ಮಾತು ಬಂದಾಗ ಮಾವ, "ಮಾಳಿಗ್ಯಾಗ ಮಾಡ್ರಿ. ಬೀಗರು ಬರ್ತಾರ, ಮೆಟ್ಟಲಾ ನೋಡಿದಂಗೂ ಆಕ್ಕೈತಿ" ಎಂದರು.

"ಕೆಳಗ ಮಾಡೂಣು" ಎಂದರು ಅತ್ತೆ.

"ಯಾಕ?"

"ಸುಮ್ನ."

"ಸುಮ್ನ ಅಂದ್ರ ಏನು? ಇಷ್ಟ ಚಂದ ಮಾಳಗಿ ಯಾಕ ಕಟ್ಟಸಿದ್ದು?"

ಅತ್ತೆ ಎದ್ದು ಒಲೆಯ ಕಡೆ ಹೋದರು.

ಶ್ರಾವಣದ ಒಂದು ದಿನ ಕುಬಸ ಆಯಿತು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಬಂದ ಹೆಂಗಸರ ಕಾಲೆಲ್ಲ ಒದ್ದೆ, ಮೆಟ್ಟಿಲೆಲ್ಲ ನೀರು. ಗೋಡೆ ಹಿಡಿದುಕೊಂಡು ನಾನು ಹೇಗೋ ಹತ್ತಿದೆ, ಅತ್ತೆ ನನ್ನ ಹಿಂದೆ. ಆರತಿ, ಹಾಡು, ಉಡಿ ತುಂಬುವುದು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು, ಚೀರಿಕೊಂಡು, ನಕ್ಕುಕೊಂಡು ಊಟಕ್ಕೆಂದು ಇಳಿದು ಹೋದರು. ಕೆಳಗಿನ ಪಡಸಾಲೆಯಲ್ಲಿ ಗಂಡಸರು ಹೆಂಗಸರೆಲ್ಲ ನೆರೆದರು. ಮಾವ ಮೂರನೆಯ ಮೆಟ್ಟಿಲಿನ ಪಕ್ಕದಲ್ಲಿ, ನನ್ನ ತಂದೆಯ ಜೊತೆ ನಿಂತು ಮೇಲೆ ನೋಡಿ ಕರೆದರು: "ಸೊಸೀನ ಕರಕೊಂಡ ಬಾ, ಹಿರೇರಿಗೆ ನಮಸ್ಕಾರ ಮಾಡ್ಲಿ."

ನಾನು ಮೇಲಿನ ಮೆಟ್ಟಿಲಿನ ತುದಿಯಲ್ಲಿ ನಿಂತೆ. ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ. ಹೊಟ್ಟೆ ಅಡ್ಡವಾಗಿ ನನಗೆ ನನ್ನ ಕಾಲೇ ಕಾಣುತ್ತಿರಲಿಲ್ಲ, ಇನ್ನು ಮೆಟ್ಟಿಲಿನ ಅಂಚು ಎಲ್ಲಿಂದ ಕಾಣಬೇಕು? ಗೋಡೆಗೆ ಕೈಯೂರಿ ಅಲ್ಲಿಯೇ ನಿಂತುಬಿಟ್ಟೆ. ಅತ್ತೆ ನನ್ನ ಮುಖ ನೋಡಿದರು, ಕೆಳಗಿನ ಜನರನ್ನು ನೋಡಿದರು.

"ಕುಂಡ್ರು" ಎಂದರು.

"ಅತ್ತೀ, ಎಲ್ಲಾರೂ ನೋಡಾಕತ್ತಾರ್ರಿ."

"ನೋಡ್ಲಿ. ಕುಂಡ್ರು."

ಅವರೇ ಮೊದಲು ಕುಳಿತರು. ಇಳಕಲ್ಲಿನ ಸೀರೆಯನ್ನು ಮಂಡಿಗೆ ಸುತ್ತಿಕೊಂಡರು. ನಾನೂ ಕುಳಿತೆ. ಅವರ ಸೊಟ್ಟ ಕೈ ನನ್ನ ಸೊಂಟ ಹಿಡಿದಿತ್ತು. ಒಂದು ಮೆಟ್ಟಿಲು ಇಳಿದೆವು. ಇನ್ನೊಂದು. ಪಡಸಾಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು, ಮತ್ಯಾರೋ "ಸುಮ್ಕಿರ್ರೇ" ಎಂದರು. ಆಮೇಲೆ ಬಳೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹದಿಮೂರು ಮೆಟ್ಟಿಲನ್ನೂ ಅತ್ತೆ ಸೊಸೆ ಇಬ್ಬರೂ, ಬೀಗರ ಎದುರು, ಕುಳಿತುಕೊಂಡೇ ಇಳಿದೆವು.

ಕೆಳಗೆ ಬಂದಾಗ ಮಾವನ ಮುಖ ಕೆಂಪಾಗಿತ್ತು. "ಇದೇನ ಆಟ?" ಎಂದರು ಮೆಲ್ಲಗೆ.

"ಆಟ ಅಲ್ರಿ" ಎಂದರು ಅತ್ತೆ. ಅವರ ದನಿ ಯಾವಾಗಿನ ಹಾಗೆಯೇ ಇತ್ತು. "ನಾ ದಿನಾ ಹಿಂಗಽ ಇಳೀತೀನಿ. ಐದು ವರ್ಷಾತು. ನಿಮಗ ಗೊತ್ತಿಲ್ಲ, ಅಷ್ಟ." ಎಡಗೈ ಮುಂದೆ ಹಿಡಿದರು. "ಈ ಕೈ ಮುರದಿದ್ದು ಇಲ್ಲೇ, ಬಾವ್ಯಾಗಲ್ಲ. ಕೈ ನಂದು, ಹೋತು. ಹೊಟ್ಟ್ಯಾಗಿನ ಕೂಸು ನಂದಲ್ಲ."

ಮಾವ ಆ ಕೈಯನ್ನು ನೋಡಿದರು. ಐದು ವರ್ಷ ಅದೇ ಕೈ ಅವರಿಗೆ ರೊಟ್ಟಿ ಬಡಿದು ಹಾಕಿತ್ತು. ಅಂಗಡಿಗೆ ಹೋಗಿ ಗಾದಿಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತರು. ಊಟಕ್ಕೆ ಏಳಲಿಲ್ಲ. ನಮ್ಮ ತಂದೆಯೇ ಹೋಗಿ ಕೈಹಿಡಿದು ಎಬ್ಬಿಸಿಕೊಂಡು ಬರಬೇಕಾಯಿತು.

ಮರುದಿನ ಬೆಳಿಗ್ಗೆ ಅವರು ನಮ್ಮವರಿಗೆ ಹೇಳಿದ್ದು ಇಷ್ಟೇ: "ಹುಸೇನಸಾಬಗ ಹೇಳಿ ಕಳಸು."

ಹುಸೇನಸಾಬ ಆ ಮೆಟ್ಟಿಲು ಕಟ್ಟಿದ ಗೌಂಡಿ. ಯಲ್ಲಾಪುರದ ಕಡೆ ಯಾವುದೋ ಕೆಲಸದ ಮೇಲಿದ್ದವನು ನಾಲ್ಕು ದಿನ ಬಿಟ್ಟು ಬಂದ. ಬಂದವನು ಮೆಟ್ಟಿಲಿನ ಮೇಲೆ ಕೈಯಾಡಿಸಿ, ತನ್ನ ಕೆಲಸ ತಾನೇ ಮೆಚ್ಚಿಕೊಂಡ. ವಿಷಯ ಕೇಳಿದ ಮೇಲೆ ತಲೆ ಕೆರೆದುಕೊಂಡ.

"ನಾ ಅವತ್ತಽ ಹೇಳಿದ್ನೆಲ್ರಿ ಸಾವಕಾರ್ರ, ಹಸೀ ಇದ್ದಾಗ ದಾರ ಒತ್ತಿ ಗೆರಿ ಹೊಡೀತೀನಿ ಅಂತ. ಗೆರಿ ಬಿದ್ರ ಮುಖ ಒಡದಂಗ ಕಾಣತೈತಿ, ಬ್ಯಾಡ ಅಂದ್ರಿ ನೀವು."

"ಅಂದಿದ್ದೆ" ಎಂದರು ಮಾವ.

"ಈಗ ಕಲ್ಲ ಆಗೇತ್ರಿ. ಉಳೀಲೆ ಕಡೀಬೇಕು. ಚಂದ ಕಾಣಾಂಗಿಲ್ಲ ಮತ್ತ."

"ಕಡಿ."

"ಎಲ್ಲಿ ಕಡೀಲಿ? ನಡುವೋ, ಅಂಚಿಗೋ?"

ಮಾವ ಮೆಟ್ಟಿಲಿನ ಕಡೆ ನೋಡಿದರು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಎರಡು ವರ್ಷ ನೋಡಿಟ್ಟದ್ದೆಲ್ಲ ಬಾಯಿಗೆ ಬಂದುಬಿಟ್ಟಿತು.

"ಅಂಚಿಗೆ ಹೊಡೀರಿ" ಎಂದೆ. "ಹತ್ತೂವಾಗ ಯಾರೂ ಬೀಳಂಗಿಲ್ಲ. ಇಳಿಯೂವಾಗ ಹಿಮ್ಮಡ ಅಂಚಿಗೆ ಬಂದಾಗ ಜಾರತಾರ. ಕೆಳಗಿನ ಐದಕ್ಕ ಅಂಚಿಗೆ ಬಿಳೇ ಸುಣ್ಣಾನೂ ತುಂಬ್ರಿ. ಬಿಸಲ ಬಿದ್ರ ಅವು ಕಾಣಂಗಿಲ್ಲ."

ಹೇಳಿದ ಮೇಲೆ ನನಗೇ ಭಯವಾಯಿತು. ಅಲ್ಲಿಯವರೆಗೆ ನಾನು ಮಾವನೆದುರು ಅಷ್ಟು ಮಾತಾಡಿದ್ದೇ ಇಲ್ಲ. ಹುಸೇನಸಾಬ ಮಾವನ ಮುಖ ನೋಡಿದ. ಮಾವ ನನ್ನ ಕಡೆ ತಿರುಗದೆ ಕೇಳಿದರು: "ಬೂದಿ ಹಾಕಿದ್ದು ನೀನಽ ಏನು?"

"ಹೂಂರಿ."

"ಗೋಣಿ?"

"ಹೂಂರಿ."

ಮಾವ ಮೆಟ್ಟಿಲಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿ ನೋಡಿದರು. ಆಮೇಲೆ ಹುಸೇನಸಾಬನಿಗೆ, "ಆಕಿ ಹೇಳಿದಂಗ ಮಾಡು" ಎಂದರು.

ಎಂಟು ದಿನ ಉಳಿ ಸುತ್ತಿಗೆಯ ಸದ್ದು. ಮೇಲಿನಿಂದ ಕೆಳಕ್ಕೆ, ಒಂದೊಂದು ಮೆಟ್ಟಿಲಿಗೂ ಅಂಚಿನುದ್ದಕ್ಕೂ ನಾಲ್ಕು ಗೆರೆ. ಬಡಗಿಯೊಬ್ಬ ಬಂದು ಗೋಡೆಗುಂಟ ಸಾಗವಾನಿಯ ಹಿಡಿಕೆ ಕೂರಿಸಿದ. ಅಷ್ಟೂ ದಿನ ಮಾವ ಅಂಗಡಿ ಬಿಟ್ಟು ಒಳಗೆ ಬರಲಿಲ್ಲ. ಮೂರನೆಯ ಮೆಟ್ಟಿಲಿನ ಸರದಿ ಬಂದಾಗ ಮಾತ್ರ ಬಂದು ನಿಂತರು. ಹುಸೇನಸಾಬ ಉಳಿಯನ್ನು ಎತ್ತಿ ಹಿಡಿದು, "ಇದೊಂದ ಬಿಡ್ಲೇನ್ರಿ?" ಎಂದು ಕೇಳಿದ. ಮಾವ ಬಗ್ಗಿ ಅದರಲ್ಲಿ ಒಮ್ಮೆ ನೋಡಿಕೊಂಡರು.

"ಇದಕ್ಕ ಎರಡ ಗೆರಿ ಜಾಸ್ತಿ ಹೊಡಿ" ಎಂದು ಹೊರಟುಹೋದರು.

ಕೆಲಸ ಮುಗಿದ ದಿನ ಸಂಜೆ ಮಳೆ ಬಿಟ್ಟಿತ್ತು. ಅತ್ತೆ ಕಾಲು ಒರೆಸಿಕೊಂಡು, ಯಾರಿಗೂ ಹೇಳದೆ ಮೆಟ್ಟಿಲು ಹತ್ತಿದರು. ನಾನು ಕೆಳಗೆ ನಿಂತು ಎಣಿಸಿದೆ. ಹದಿಮೂರೂ ಆಯಿತು. ತಿರುಗಿ ಇಳಿದರು, ನಿಂತುಕೊಂಡೇ. ಮತ್ತೆ ಹತ್ತಿದರು. ಈ ಸಲ ಬಹಳ ಹೊತ್ತಾದರೂ ಕೆಳಗೆ ಬರಲಿಲ್ಲ. ನಾನು ನಿಧಾನಕ್ಕೆ ಹಿಡಿಕೆ ಹಿಡಿದು ಮೇಲೆ ಹೋದೆ. ಅತ್ತೆ ರಸ್ತೆಯ ಕಡೆಗಿನ ಗ್ಯಾಲರಿಯಲ್ಲಿ ನಿಂತಿದ್ದರು.

"ಶಾಂತಾ, ಇಲ್ಲಿಂದ ಕೆರಿ ಕಾಣತೈತಲ್ಲ!" ಎಂದರು. "ಇಷ್ಟ ದಿನಾ ಬಂದಾಕಿ ಹಪ್ಪಳಾ ಹಾಕೂದು, ಯಾರರ ಬರೂದ್ರಾಗ ಇಳಿಯೂದು. ಈ ಕಡೆ ಬಂದಽ ಇರಲಿಲ್ಲ."

ಕೆರೆಯಾಚೆ ಬನವಾಸಿಯ ದಾರಿ, ದಾರಿಯಲ್ಲಿ ಎರಡು ಗಾಡಿ. ಅತ್ತೆ ಅವು ಮರೆಯಾಗುವವರೆಗೂ ನೋಡಿದರು. ಆಮೇಲೆ ನೆಲದ ಮೇಲೆ ಕಾಲು ಚಾಚಿ ಕುಳಿತರು. ಕೆಳಗಿನಿಂದ ಮಾವ ಕರೆದರು.

"ಚಾ ಆರಾಕತ್ತೈತಿ. ಇಳದ ಬಾ."

ಅತ್ತೆ ಏಳಲಿಲ್ಲ. ಆ ಮನೆಯಲ್ಲಿ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು: "ಮ್ಯಾಲ ತಗೊಂಡ ಬರ್ರಿ."

ಆಮೇಲೆ ಚಹಾದ ಕಪ್ಪೂ ಅದರಡಿಯ ಬಸಿಯೂ ಒಂದಕ್ಕೊಂದು ತಾಗುವ ಸದ್ದು ಮೆಲ್ಲಗೆ ಮೇಲೇರತೊಡಗಿತು. ಮಾವ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಸಾಗವಾನಿಯ ಹಿಡಿಕೆ ಹಿಡಿದು, ಪ್ರತಿ ಮೆಟ್ಟಿಲಿನಲ್ಲೂ ಪಾದದಿಂದ ಗೆರೆ ಹುಡುಕುತ್ತ ಬಂದರು. ಬರುವಷ್ಟರಲ್ಲಿ ಅರ್ಧ ಚಹಾ ಬಸಿಗೆ ಚೆಲ್ಲಿತ್ತು.

ಅತ್ತೆ ಬಸಿಯನ್ನು ಅವರಿಗೆ ಕೊಟ್ಟು, ಕಪ್ಪನ್ನು ತಾವು ತೆಗೆದುಕೊಂಡರು.